ಚಪ್ಪಲಿ ಬಿಟ್ಟ ಜಾಗ

ಅಥವಾ ಅವತ್ತು ನನ್ನ ಕಾಲಲ್ಲಿದ್ದದ್ದು ಚಪ್ಪಲಿಯಲ್ಲದೆ ಬೂಟೇ ಇದ್ದಿರಬಹುದು. ಬೂಟಾಗಿದ್ದರೆ ದಾರ ಬಿಚ್ಚಲು ಬಗ್ಗಿರಬೇಕು. ಬಗ್ಗಿದ್ದರೆ ನೆಲ ಹತ್ತಿರದಿಂದ ಕಂಡಿರಬೇಕು. ಕಂಡಿದ್ದರೆ ಅಲ್ಲಿ ಮುಳ್ಳಿತ್ತೋ ಇಲ್ಲವೋ ಎಂದು ಇವತ್ತು ಹೇಳಬಹುದಿತ್ತು. ಆದರೆ ನನಗೆ ನೆನಪಿರುವುದು ನಿಂತಹಾಗೆಯೇ ಒಂದು ಕಾಲಿನಿಂದ ಇನ್ನೊಂದನ್ನು ಒತ್ತಿ ಜಾರಿಸಿದ್ದು. ಹಾಗಾದರೆ ಚಪ್ಪಲಿಯೇ. ಇದನ್ನೂ ನಂಬುವುದು ಹೇಗೆ? ದಿನಾ ಸಂಜೆ ಮನೆಯ ಬಾಗಿಲಲ್ಲಿ ನಾನು ಹಾಗೆಯೇ ಜಾರಿಸುತ್ತೇನೆ. ಆ ಬಾಗಿಲಿನಿಂದಲೇ ಈ ನೆನಪು ಎದ್ದು ಅಲ್ಲಿಗೆ ಹೋಗಿ ಕೂತಿರಬಹುದು.

ಇಷ್ಟು ಸಣ್ಣ ಸಂಗತಿಗೆ ಇಷ್ಟು ತಲೆ ಕೆಡಿಸಿಕೊಳ್ಳುವುದೇಕೆ ಎಂದು ನೀವು ಕೇಳಬಹುದು. ನನ್ನ ಹೆಂಡತಿ ಕೇಳಿಯಾಗಿದೆ. ಗದ್ವಾಲದ ನಮ್ಮ ಮನೆಯ ಮೇಜಿನ ಮೇಲೆ ಒಂದು ವಾರದಿಂದ ಸರ್ಕಾರಿ ದಫ್ತರಿನ ಕಾಗದವೊಂದು ಬಿದ್ದಿದೆ. ಮಖ್ತಲದಿಂದ ಮಾಗನೂರಿಗೆ ಹೋಗುವ ದಾರಿಯ ಬದಿಯಲ್ಲಿ ಬೀರಪ್ಪನ ಬನವಿದೆ. ಅದರ ಹಳೆಯ ಗಡಿ ಎಲ್ಲಿತ್ತೆಂದು, ವಿಷಯ ಬಲ್ಲವನಾದ ನಾನು ಬರೆದುಕೊಡಬೇಕಂತೆ. ಕೊಟ್ಟರೆ ಈಗಿರುವ ಗೋಡೆಯ ಹೊರಗೆ ಅಷ್ಟು ನೆಲವನ್ನು ಗುರುತು ಮಾಡಿ ಮುಂಗಾರಿಗೆ ಮತ್ತೆ ಗಿಡ ಹಚ್ಚುತ್ತಾರೆ. ಕೊಡದಿದ್ದರೆ ಪಕ್ಕದ ಹೊಲದವರು ಈ ಸಲ ಗೋಡೆಯ ಬುಡದವರೆಗೂ ಟ್ರ್ಯಾಕ್ಟರ್ ತರುತ್ತಾರೆ. ‘ವಿಷಯ ಬಲ್ಲವರು’ ಎಂಬ ಮಾತಿನ ಮೇಲೆ ನಾನು ಚಹದ ಲೋಟ ಇಟ್ಟಿದ್ದೇನೆ.

ಬೀರಪ್ಪ ಕುರುಬರ ದೇವರು. ನಾವು ನಾರಾಯಣಪೇಟೆಯ ನೇಕಾರರು. ಅವನ ಮೇಲೆ ನಮ್ಮ ಅಜ್ಜಿಗೆ ನಂಬಿಕೆ ಹೇಗೆ ಬಂತೋ ಯಾರಿಗೂ ಗೊತ್ತಿಲ್ಲ. ಕಂಬಳಿ ಕೊಳ್ಳಲು ಹೋದವಳು ಹರಕೆ ಹೊತ್ತುಕೊಂಡು ಬಂದಳು ಎಂದು ಅಪ್ಪ ನಗುತ್ತಿದ್ದ. ನಮ್ಮದು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಬಿಟ್ಟುಕೊಂಡು ಅಪ್ಪ ದಿನವಿಡೀ ಕೂರುತ್ತಿದ್ದ. ಸೀರೆ ನೇಯ್ದು ಇಳಿಸಿದ ಮೇಲೆ ಮಗ್ಗದಲ್ಲಿ ಮೊಳದಷ್ಟು ನೂಲು ನೇಯಲಾಗದೆ ಉಳಿಯುತ್ತದೆ. ಅದನ್ನು ಕತ್ತರಿಸಿ ತೆಗೆಯುತ್ತಾರೆ. ಅಜ್ಜಿ ಆ ತುದಿಗಳನ್ನೆಲ್ಲ ಒಂದು ಗಂಟಿನಲ್ಲಿ ಕೂಡಿಡುತ್ತಿದ್ದಳು. ವರ್ಷಕ್ಕೊಮ್ಮೆ ಆ ಗಂಟು ಹೊತ್ತು ಬನಕ್ಕೆ ಹೋಗಿ ಕೊಂಬೆಗಳಿಗೆ ಕಟ್ಟಿಬರುತ್ತಿದ್ದಳು. ಹಾಗಾಗಿ ನಾನು ಕಂಡ ಮೊದಲ ಕಾಡಿಗೆ ಗಡ್ಡವಿತ್ತು. ಕೆಂಪು, ಅರಿಷಿಣ, ಕಡು ಹಸಿರು ಗಡ್ಡ.

ಕಾಡು ಎಂದೆ. ನೀವು ದೊಡ್ಡದೇನನ್ನೋ ಕಲ್ಪಿಸಿಕೊಳ್ಳಬೇಡಿ. ಹುಣಸೆ, ಬೇವು, ಬನ್ನಿ, ತುಗ್ಗಲಿ, ನಡುವೆ ಒಂದು ಹಳೆಯ ಆಲ, ಅದರ ಬುಡದಲ್ಲಿ ದೇವರೆಂಬ ದುಂಡು ಕಲ್ಲು. ಸುತ್ತ ಕಣ್ಣು ಹೋದಷ್ಟು ದೂರ ತೊಗರಿ ಮತ್ತು ಹತ್ತಿಯ ಬಯಲು. ಆ ಬಯಲಲ್ಲಿ ಇದೊಂದೇ ನೆರಳು.

ಆ ನೆರಳಿಗೆ ಕಾಯಿದೆಗಳಿದ್ದವು. ಕಡ್ಡಿ ಮುರಿಯಬಾರದು. ದೇವರಿಗೆ ಅನ್ನ ಬೇಯಿಸಲು ಮನೆಯಿಂದಲೇ ಸೆಗಣಿಯ ಕುಳ್ಳು ಹೊತ್ತು ತರಬೇಕು, ಒಣಗಿ ಬಿದ್ದ ಕಟ್ಟಿಗೆಯನ್ನೂ ಒಲೆಗೆ ಹಾಕುವಂತಿಲ್ಲ. ಕುರುಬರು ಆಡಿಗೆ ಸೊಪ್ಪು ಇಳಿಸಲು ಉದ್ದ ಬಿದಿರಿಗೆ ಕುಡುಗೋಲು ಕಟ್ಟಿದ ದೋಟಿ ಹಿಡಿದಿರುತ್ತಾರಲ್ಲ, ಅದನ್ನು ಹೊರಗೇ ಒರಗಿಸಿ ಬರಬೇಕು. ಹಣ್ಣು ತಿನ್ನಬಹುದು, ಹೊಟ್ಟೆ ಬಿರಿಯುವಷ್ಟು, ಆದರೆ ಅಲ್ಲೇ. ಒಂದು ಬೀಜವನ್ನೂ ಹೊರಗೆ ಒಯ್ಯುವಂತಿಲ್ಲ. ಒಮ್ಮೆ ನಾನು ಹುಣಸೆ ಬೀಜವೊಂದನ್ನು ದವಡೆಯಲ್ಲಿ ಅಡಗಿಸಿಕೊಂಡು ನಾರಾಯಣಪೇಟೆಯವರೆಗೂ ಬಾಯಿ ಬಿಡದೆ ಬಂದಿದ್ದೆ. ಬಸ್ಸಿನಲ್ಲಿ ಅಜ್ಜಿ ನನಗೆ ಜ್ವರ ಬಂದಿದೆಯೆಂದು ಹಣೆ ಮುಟ್ಟಿ ನೋಡಿದ್ದಳು. ಈ ಕತೆಯನ್ನು ನಾನು ಎಷ್ಟೋ ಸಲ ಹೇಳಿದ್ದೇನೆ. ಹೋದ ವರ್ಷ ನನ್ನ ತಮ್ಮ, ‘ಅದು ನಾನೋ ಮಾರಾಯ, ನೀನು ಅಜ್ಜಿಗೆ ಚಾಡಿ ಹೇಳಿದವನು’ ಎಂದ. ಇರಬಹುದು. ಬೀಜದ ಒಗರು ನನ್ನ ಬಾಯಲ್ಲೇ ಇದೆ. ಬಾಯಿ ಸಾಕ್ಷಿಯಾಗಬಲ್ಲದೇ ಎಂಬುದು ಬೇರೆ ಮಾತು.

ಇವಕ್ಕೆಲ್ಲ ಮೊದಲಿನ ಕಾಯಿದೆ ಚಪ್ಪಲಿಯದು. ಒಂದು ಜಾಗದಲ್ಲಿ ಅಜ್ಜಿ ನಿಲ್ಲುತ್ತಿದ್ದಳು, ‘ಬಿಡು’ ಎನ್ನುತ್ತಿದ್ದಳು. ಅಲ್ಲಿಂದ ಮುಂದೆ ಬರಿಗಾಲು. ನೆಲ ಕಾದಿರುತ್ತಿತ್ತು. ನಾನು ನೆರಳಿನಿಂದ ನೆರಳಿಗೆ ಹಾರುತ್ತ, ಒಂದು ಕಾಲ ಮೇಲೆ ನಿಂತು ಇನ್ನೊಂದನ್ನು ಮೀನಖಂಡಕ್ಕೆ ತಿಕ್ಕುತ್ತ, ದೇವರ ತನಕ ಹೋಗುತ್ತಿದ್ದೆ. ಆ ದಾರಿ ಬಹಳ ಉದ್ದವಿತ್ತು. ಅಥವಾ ನನ್ನ ಕಾಲು ಬಹಳ ಗಿಡ್ಡವಿದ್ದವು. ದಫ್ತರಿನವರಿಗೆ ಬೇಕಾಗಿರುವ ಲೆಕ್ಕ ಇಲ್ಲೇ ಸಿಕ್ಕಿಕೊಂಡಿದೆ. ಒಂದು ಮಾತು ಮಾತ್ರ ಖರೆ ಅನ್ನಿಸುತ್ತದೆ: ನೆರಳಿನಿಂದ ನೆರಳಿಗೆ ಹಾರಿದ್ದೇನೆಂದರೆ ಚಪ್ಪಲಿ ಬಿಟ್ಟಲ್ಲಿಂದಲೇ ಗಿಡಗಳಿದ್ದವು.

ಮುಂದೆ ನಾನು ಮಗ್ಗ ಬಿಟ್ಟು ಮಖ್ತಲದಲ್ಲಿ ಮಾಸ್ತರನಾದೆ. ಮಾಸ್ತರನಾದವನಿಗೆ ಗೊತ್ತಿದ್ದದ್ದನ್ನು ಗೊತ್ತಿದ್ದವರಿಗೇ ಹೇಳುವ ಚಟ ಹತ್ತುತ್ತದೆ. ದೇವರ ಬನಗಳಿಂದ ಪ್ರಕೃತಿ ಹೇಗೆ ಉಳಿಯುತ್ತದೆ ಎಂದು ಅಲ್ಲಿ ಇಲ್ಲಿ ಓದಿಕೊಂಡೆ. ಪ್ರಾರ್ಥನೆ ಮುಗಿದ ಮೇಲೆ ಮಕ್ಕಳನ್ನು ಬಿಸಿಲಲ್ಲಿ ನಿಲ್ಲಿಸಿಕೊಂಡು ನೆರಳಿನ ಬಗ್ಗೆ ಭಾಷಣ ಮಾಡಿದೆ. ನಮ್ಮ ಹಿರಿಯರು ಭಕ್ತಿಯ ನೆಪದಲ್ಲಿ ವಿಜ್ಞಾನವನ್ನೇ ಬಚ್ಚಿಟ್ಟಿದ್ದರು ಎಂಬ ಮಾತನ್ನು ನಾನೇ ಮೊದಲು ಕಂಡುಹಿಡಿದವನಂತೆ ಹೇಳುತ್ತಿದ್ದೆ. ಒಂದು ವರ್ಷ ಬೇಸಿಗೆಗೆ ಮುಂಚೆ ಮಕ್ಕಳನ್ನು ಬನಕ್ಕೆ ಕರೆದೊಯ್ದು ಹಕ್ಕಿ ಎಣಿಸಲು ಹಚ್ಚಿದೆ.

ಬನದ ಪೂಜಾರಿ ಮಾಳಪ್ಪ. ಕುರಿ ಕಾಯುವವನು, ಆಗಲೇ ಗಡ್ಡ ಪೂರಾ ಬೆಳ್ಳಗಾಗಿತ್ತು, ಕೈಯಲ್ಲಿ ಸದಾ ಉಣ್ಣೆ ನೂಲುವ ಕದರು. ಅವನು ಬಹಳ ಹೊತ್ತು ನೋಡಿ ಕೇಳಿದ:

“ಏನ್ ಮಾಡಾಕತ್ತೀರಿ ಮಾಸ್ತರ್ರ?”

“ಹಕ್ಕಿ ಎಣಸಾಕತ್ತೀವಿ ಕಾಕಾ. ಎಷ್ಟು ಅದಾವ ಅಂತ ಗೊತ್ತಾಗಬೇಕಲ್ಲ.”

“ಯಾರಿಗೆ? ಹಕ್ಕಿಗೋ?”

ಮಕ್ಕಳು ನಕ್ಕರು. ನಾನೂ ನಕ್ಕೆ. ಅದನ್ನು ಹಳ್ಳಿಯವರ ಮುಗ್ಧತೆ ಎಂದು ಮರುದಿನದ ಭಾಷಣದಲ್ಲಿ ಬಳಸಿಕೊಂಡೆ.

ಆಮೇಲೆ ಅರ್ಜಿ ಬರೆಯತೊಡಗಿದೆ. ಬನಕ್ಕೆ ಕಾಗದದಲ್ಲಿ ಗಡಿಯೇ ಇರಲಿಲ್ಲ. ಪಹಣಿಯಲ್ಲಿ ಅದು ಬರಿ ಖರಾಬು, ಎಂದರೆ ಬೆಳೆ ಬರದ ನೆಲ. ಗೋಡೆ ಕಟ್ಟದಿದ್ದರೆ ಯಾರಾದರೂ ನುಂಗುತ್ತಾರೆ ಎಂಬ ಭಯ ನನಗೆ ನಿಜವಾಗಿಯೂ ಇತ್ತು. ಅದನ್ನಾದರೂ ನಂಬಿ. ನಾಕು ವರ್ಷ ಅಲೆದ ಮೇಲೆ ಗೋಡೆ ಮಂಜೂರಾಯಿತು. ಸಿಹಿ ತೆಗೆದುಕೊಂಡು ಮಾಳಪ್ಪನ ಮನೆಗೆ ಹೋದೆ. ಅವನ ಹೆಂಡತಿ ನಿಂಗವ್ವ ಪೇಡೆ ಬಾಯಿಗೆ ಹಾಕಿಕೊಂಡು, “ಗೋಡಿ ಯಾಕ್ರೀ? ಬೀರಪ್ಪಗ ಥಂಡಿ ಹತ್ತೈತೇನು?” ಎಂದಳು. ಮಾಳಪ್ಪ ಮಾತ್ರ, “ಮಾಸ್ತರು ಮಾಡ್ಸ್ಯಾರಂದ್ರ ಚಲೋದಾ ಇರತೈತಿ ಬಿಡು” ಎಂದ. ಆ ಮಾತಿನಲ್ಲಿ ಎಷ್ಟು ನಂಬಿಕೆ ಇತ್ತು, ಎಷ್ಟು ಬೇಸರ ಇತ್ತು ಎಂದು ಆಗ ಅಳೆಯಲಿಲ್ಲ. ಈಗ ಅಳೆಯಲು ಬರುವುದಿಲ್ಲ.

ಅಳತೆಯ ದಿನಕ್ಕೆ ಬರುತ್ತೇನೆ. ಬರಲು ಮನಸ್ಸಿಲ್ಲದೆ ಇಷ್ಟು ಸುತ್ತಿದೆ ಎಂದು ನೀವು ಆಗಲೇ ಗುರುತಿಸಿರಬೇಕು.

ಏಪ್ರಿಲ್ ಇದ್ದೀತು, ಮಧ್ಯಾಹ್ನ. ಅಳತೆ ಟೇಪು ಮತ್ತು ಸುಣ್ಣದ ಪುಡಿಯ ಚೀಲ ತಂದವಳು ಒಬ್ಬ ಯುವತಿ, ಆಗತಾನೇ ನೌಕರಿಗೆ ಸೇರಿದ ಇಂಜಿನಿಯರು. ಮರ್ಯಾದೆಯ ಹುಡುಗಿ. ರಸ್ತೆಯಲ್ಲಿ ಇಳಿದವಳೇ ನಮ್ಮ ಕಡೆಯ ದಫ್ತರಿನ ಭಾಷೆಯಾದ ತೆಲುಗಿನಲ್ಲಿ ಕೇಳಿದಳು, “ಸಾರ್, ದೇವುಡಿ ಹದ್ದು ಎಕ್ಕಡ?” ದೇವರ ಗಡಿ ಎಲ್ಲಿ ಎಂದು. ಕೇಳಿದ್ದು ಮಾಳಪ್ಪನನ್ನು. ಅವನಿಗೆ ತೆಲುಗು ನನ್ನಷ್ಟೇ ಬರುತ್ತದೆ. ಆದರೂ ನಾನು ನಡುವೆ ನಿಂತು ಕನ್ನಡದಲ್ಲಿ ತಿಳಿಸಿದೆ. ಮಾಳಪ್ಪ ನನ್ನ ಮುಖ ನೋಡಿ ಹೇಳಿದ: “ಚಪ್ಲಿ ಎಲ್ಲಿ ಬಿಡ್ತೀವಿ, ಅಲ್ಲಿಂದ ಅಂವಂದು.”

“ಎಲ್ಲಿ ಬಿಡ್ತೀರಿ?” ಎಂದಳು ಅವಳು, ಈಗ ಕನ್ನಡದಲ್ಲೇ.

“ಮಾಸ್ತರ್ರು ತೋರಸ್ತಾರ. ಸಣ್ಣವರಿದ್ದಾಗಿಂದ ಬಂದೋರು.”

ನನಗೆ ಎದೆ ಉಬ್ಬಿತು. ನಾನು ಮುಂದೆ, ಅವರಿಬ್ಬರೂ ನೋಡಲು ಬಂದ ಊರವರೂ ಹಿಂದೆ. ರಸ್ತೆಯಿಂದ ಸ್ವಲ್ಪ ದೂರ ಹೋದಮೇಲೆ ಒಂದು ಒಂಟಿ ಬನ್ನಿ ಗಿಡ ಬಂತು. ಅಲ್ಲಿ ನನ್ನ ಹೆಜ್ಜೆ ತಡೆಯಿತು. ಇದು ಖರೆ ಅಂದುಕೊಂಡಿದ್ದೇನೆ. ತಡೆದದ್ದು ಕಾಲೋ ಅಜ್ಜಿಯ ‘ಬಿಡು’ ಎಂಬ ದನಿಯೋ ಹೇಳಲಾರೆ. ಆದರೆ ನೆಲ ಹಂಚಿನ ಹಾಗೆ ಕಾದಿತ್ತು. ಬನ್ನಿಯ ಆಚೆ ನೆಲದ ತುಂಬ ನೆಗ್ಗಿಲು ಮುಳ್ಳು ಹಬ್ಬಿತ್ತು. ಮಗ್ಗದ ಕುಣಿಯಿಂದ ಮೇಲೆದ್ದು ಇಪ್ಪತ್ತು ವರ್ಷ ಕುರ್ಚಿಯ ಮೇಲೆ ಕೂತಿದ್ದ ಕಾಲು ನನ್ನವು. ಇನ್ನು ನಾಕು ಹೆಜ್ಜೆ, ಎಂದುಕೊಂಡೆ. ನಾಕಾದ ಮೇಲೆ ಇನ್ನು ನಾಕು. ಹುಣಸೆಗಳನ್ನು ದಾಟಿದೆ. ತುಗ್ಗಲಿಗಳನ್ನು ದಾಟಿದೆ. ಆಲದ ದಟ್ಟ ನೆರಳು ಶುರುವಾಗುವಲ್ಲಿ, ನೆಲ ತಂಪಾಗಿ, ಮುಳ್ಳು ಮುಗಿದು, ಮೆತ್ತನೆಯ ಒಣ ಎಲೆ ಹಾಸಿದ್ದಲ್ಲಿ ಚಪ್ಪಲಿ ಜಾರಿಸಿದೆ.

ಅವಳು ಬಗ್ಗಿ ನನ್ನ ಚಪ್ಪಲಿಯ ಹಿಮ್ಮಡಿಯ ಪಕ್ಕದಲ್ಲಿ ಒಂದು ಮುಷ್ಟಿ ಸುಣ್ಣ ಹಾಕಿದಳು.

ಆಗ ಹಿಂತಿರುಗಿ ನೋಡಿದೆ. ಮಾಳಪ್ಪನ ಕಾಲು ಬರಿದಾಗಿದ್ದವು. ಅವನು ತನ್ನ ಚಪ್ಪಲಿಯನ್ನು ಎಲ್ಲಿ ಬಿಟ್ಟಿದ್ದ? ನಾನು ನೋಡಿರಲಿಲ್ಲ. ಮುಂದೆ ನಡೆಯುವವನಿಗೆ ಹಿಂದಿನವರ ಕಾಲು ಕಾಣುವುದಿಲ್ಲ. ಆಗ ಒಂದು ಮಾತು ಆಡಬಹುದಿತ್ತು. ತಪ್ಪಾಯಿತು ತಾಯಿ, ಇನ್ನೂ ಹಿಂದೆ ಹೋಗಬೇಕು, ಎನ್ನಲು ಎಷ್ಟು ಹೊತ್ತು ಬೇಕು? ಆದರೆ ಅಷ್ಟು ಜನರ ಮುಂದೆ, ಕಾಲು ಸುಟ್ಟಿತೆಂದು ದೇವರ ಮನೆಯೊಳಗೆ ಚಪ್ಪಲಿ ಮೆಟ್ಟಿಕೊಂಡು ಬಂದೆ ಎಂದು ಹೇಗೆ ಹೇಳಲಿ? ಗೆರೆ ಆಲವನ್ನು ಸುತ್ತಿಬಂತು.

ಗೋಡೆ ಎದ್ದಿತು. ಕಬ್ಬಿಣದ ಗೇಟಿಗೆ ನೀಲಿ ಬಣ್ಣ. ಪಕ್ಕದಲ್ಲಿ ಒಂದು ಫಲಕ: ‘ಪಾದರಕ್ಷೆಗಳನ್ನು ಇಲ್ಲಿಯೇ ಬಿಡಿರಿ’, ಕೆಳಗೆ ತೆಲುಗಿನಲ್ಲಿ ಅದೇ. ನನ್ನದೇ ಅಕ್ಷರ. ಪೇಂಟರ್ ಸೊಟ್ಟ ಬರೆಯುತ್ತಾನೆಂದು ಕುಂಚ ಕಸಿದುಕೊಂಡು ನಾನೇ ಬರೆದಿದ್ದೆ.

ಮೊದಲ ವರ್ಷ ಗೋಡೆಯ ಹೊರಗಿನ ಹುಣಸೆಯ ಒಂದು ಒಣ ಕೊಂಬೆ ಹೋಯಿತು. ಯಾರೂ ಏನೂ ಅನ್ನಲಿಲ್ಲ. ಕೊಂಬೆ ಕಡಿದವನಿಗೆ ಏನೂ ಆಗಲಿಲ್ಲ. ಮರುವರ್ಷ ಹುಣಸೆ ಹೋಯಿತು. ಆಮೇಲೆ ತುಗ್ಗಲಿಗಳು. ನೂಲಿನ ಗಡ್ಡ ಕಟ್ಟಿಸಿಕೊಂಡಿದ್ದ ಬೇವುಗಳು. ಪಕ್ಕದ ಹೊಲ ಪ್ರತಿ ಮುಂಗಾರಿಗೆ ಎರಡೆರಡು ಸಾಲು ಒಳಗೆ ಬಂತು. ಇದರಲ್ಲಿ ಕಳ್ಳತನ ಏನೂ ಇರಲಿಲ್ಲ. ಹಗಲಲ್ಲೇ, ನಾಕು ಜನರ ಕಣ್ಣೆದುರಿಗೆ, ಮಾತಾಡಿಕೊಳ್ಳುತ್ತ ಕಡಿದರು. ದೇವರು ಗೋಡೆಯೊಳಗೆ ಸುಖವಾಗಿದ್ದ.

ಒಂದು ದಿನ ಬಸ್ಸಿನಿಂದ ನೋಡಿದೆ. ಆ ಒಂಟಿ ಬನ್ನಿಗೆ ದೋಟಿ ಹಚ್ಚಿ ಆಡಿಗೆ ಸೊಪ್ಪು ಇಳಿಸುತ್ತಿದ್ದವನು ಮಾಳಪ್ಪನೇ. ಬಸ್ಸು ನಿಲ್ಲಿಸಿ ಇಳಿದು ಓಡಿದೆ.

“ಕಾಕಾ, ನೀವಾ ಹಿಂಗ ಮಾಡಿದ್ರ?”

ಅವನು ದೋಟಿ ಕೆಳಗಿಳಿಸಲಿಲ್ಲ. “ಆಡಿಗೆ ಮೇವಿಲ್ಲ ಮಾಸ್ತರ್ರ. ಇದು ಹೊರಗ ಐತಲ್ಲ.”

“ಹೊರಗ ಅಂದ್ರ?”

“ಗೆರಿ ಹಾಕ್ಸಿದೋರು ನೀವು. ನನ್ನ ಕೇಳ್ತೀರಿ?”

ಅದರಲ್ಲಿ ಕುಹಕವಿತ್ತೆಂದು ಬಹಳ ದಿನ ಅಂದುಕೊಂಡಿದ್ದೆ. ಇರಲಿಲ್ಲವೇನೋ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು. ಆಮೇಲೆ ನಿವೃತ್ತಿಯಾಯಿತು, ಗದ್ವಾಲದಲ್ಲಿ ಹೆಂಡತಿಯ ತವರಿನ ಓಣಿಯಲ್ಲಿ ಮನೆ ಮಾಡಿದೆವು. ಬನದ ಕಡೆಗೆ ಹೋಗಲಿಲ್ಲ. ಯಾರಾದರೂ ಕೇಳಿದರೆ ಮಣಕಾಲು ನೋವು ಎನ್ನುತ್ತಿದ್ದೆ. ಹೇಳಿ ಹೇಳಿ ಈಗ ನಿಜವಾಗಿಯೂ ಸ್ವಲ್ಪ ನೋಯುತ್ತದೆ.

ಕಾಗದ ಬಂದ ಮೇಲೆ ಎರಡು ದಿನ ಒಂದು ಸುಲಭದ ಸುಳ್ಳು ನನ್ನ ತಲೆಯಲ್ಲಿತ್ತು. ರಸ್ತೆಯವರೆಗೂ ಬನವಿತ್ತು ಎಂದು ದೊಡ್ಡದಾಗಿ ಬರೆದುಬಿಡುವುದು. ಯಾರು ಅಲ್ಲಗಳೆಯುತ್ತಾರೆ? ಒಂದು ಸಲ ನನ್ನ ಕಾಲ ಸುಖಕ್ಕೆ ಗಡಿಯನ್ನು ಒಳಗೆ ಎಳೆದೆ. ಈ ಸಲ ಮನಸ್ಸಿನ ಸುಖಕ್ಕೆ ಹೊರಗೆ ಎಳೆಯುವುದು. ಬರೆಯಲು ಪೆನ್ನು ಹಿಡಿದವನಿಗೆ ಎರಡೂ ಒಂದೇ ಚಾಳಿ ಅನ್ನಿಸಿತು. ಮೊನ್ನೆ ಭಾನುವಾರ ಬಸ್ಸು ಹತ್ತಿದೆ.

ಮಾಳಪ್ಪ ಅಂಗಳದಲ್ಲಿ ಕದರು ತಿರುಗಿಸುತ್ತ ಕೂತಿದ್ದ. ಕಣ್ಣು ಮಂಜಾಗಿವೆ, ಕೈ ಹಾಗೆಯೇ ಇದೆ. ನಿಂಗವ್ವ ನನ್ನನ್ನು ನೋಡಿ ಮೊರ ಕೆಳಗಿಟ್ಟಳು.

“ಬರ್ರಿ ಮಾಸ್ತರ್ರ. ದಾರಿ ತಪ್ಪೀತೇನು?”

“ಮಣಕಾಲು ನೋವಿತ್ತವ್ವ.”

“ಹೌದೌದು, ಕೇಳಿದ್ವಿ. ಗೋಡಿ ಎದ್ದಾಗಿಂದ ಅಂತಲ್ಲ ಆ ನೋವು?”

ನಾನು ಕಾಗದ ತೆಗೆದು ಓದಿ ಹೇಳಿದೆ. ಮಾಳಪ್ಪ ಪೂರಾ ಕೇಳಿದ. ಬಳಿಕ ನಾನು ಇಷ್ಟು ವರ್ಷ ಯಾರಿಗೂ ಹೇಳದ್ದನ್ನು ಹೇಳಿದೆ. “ಕಾಕಾ, ಅವತ್ತು ನಾ ಬನ್ನಿಗಿಡದ ಹಂತ್ಯಾಕ ಬಿಡಬೇಕಿತ್ತು. ಕಾಲು ಸುಡತಾವ ಅಂತ ಚಪ್ಲಿ ಮೆಟಗೊಂಡು ಒಳಗ ಹೋದೆ. ನಿಮಗ ಗೊತ್ತಿತ್ತಲ್ಲ?”

“ಗೊತ್ತಿತ್ತು.”

“ಮತ್ಯಾಕ ಅನ್ನಲಿಲ್ಲ?”

“ಆ ಹೆಣ್ಣುಮಗಳ ಮುಂದ ಮಾಸ್ತರ್ರ ಮಾನ ತೆಗೀಬೇಕಿತ್ತೇನು?” ಕದರು ಒಂದು ಸುತ್ತು ತಿರುಗಿ ನಿಂತಿತು. “ಮಾನ ಉಳೀತು. ಗಿಡ ಹೋದ್ವು.”

ನಿಂಗವ್ವ ಅವನ ಕಡೆ ನೋಡಿದಳು. ಸಾಕು ಎಂಬಂತೆ. ನಾನು ತಲೆ ತಗ್ಗಿಸಿ ಕೇಳಿದೆ, “ಹಂಗಾದ್ರ ಖರೇ ಜಾಗ ಆ ಬನ್ನಿಗಿಡಾನ? ಹಂಗಂತ ಬರದುಬಿಡ್ಲಾ?”

“ಜಾಗ ಅಂತ ಒಂದ ಎಲ್ಲಿತ್ರೀ? ಯಾರಿಗೆ ಎಲ್ಲಿ ಅಂಜಿಕಿ ಬರತೈತಿ, ಅಲ್ಲಿ ಬಿಡ್ತಿದ್ರು. ನಮ್ಮಪ್ಪ ಬನ್ನಿಗಿಂತ ಆಚೆ, ಹಳ್ಳದಾಗ ಬಿಡ್ತಿದ್ದ. ಕೆಲವ್ರು ಬಾವಿ ಕಡೆ. ನಾ ಬನ್ನಿ ತನ ಹೋಗತಿದ್ದೆ, ನನಗ ಸಣ್ಣಾಂವ ಇದ್ದಾಗಿಂದ ಸೊಕ್ಕು ಜಾಸ್ತಿ. ಎಲ್ಲರಿಗಿಂತ ದೂರ ಯಾಂವ ಬಿಡ್ತಾನ, ಅಲ್ಲಿಂದ ಯಾರೂ ಕಡ್ಡಿ ಮುರೀತಿರಲಿಲ್ಲ. ಅಂವನ ಚಪ್ಲಿ ಅಲ್ಲಿ ಬಿದ್ದಿರತಾವಲ್ಲ, ಕಣ್ಣಿಗೆ ಕಾಣತಾವ. ಅವನ್ನ ದಾಟಿ ಹೆಂಗ ಕೊಡಲಿ ಹಿಡಕೊಂಡು ಹೋಗಾದು?”

ನಾನು ಎಷ್ಟು ಭಾಷಣ ಮಾಡಿದ್ದೆ. ಇದು ಯಾವುದರಲ್ಲೂ ಇರಲಿಲ್ಲ. ಎಲ್ಲರಿಗಿಂತ ಹೆಚ್ಚು ಅಂಜುವವನು ಆ ಬನವನ್ನು ಕಾಯುತ್ತಿದ್ದ, ಅದೂ ಅವನಿಗೆ ಗೊತ್ತಿಲ್ಲದೆ. ನಾನು ಗೇಟು ಇಟ್ಟು, ಫಲಕ ಬರೆದು, ಎಲ್ಲರೂ ಎಲ್ಲಿ ಅಂಜಬೇಕೆಂದು ಒಂದೇ ಜಾಗ ತೋರಿಸಿದೆ.

“ಮತ್ತ ನನಗ?” ಎಂದೆ. ಯಾಕೆ ಕೇಳಿದೆನೋ.

“ನಿಮಗ ಮುಳ್ಳು ಮುಗಿದಲ್ಲಿ ಬಂತು,” ಎಂದ ಮಾಳಪ್ಪ.

ನಿಂಗವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. ನಕ್ಕು ಮುಗಿದ ಮೇಲೆ, “ಏಳ್ರಿ, ಬಂದೀರಿ, ಕೈ ಮುಗದು ಹೋಗ್ರಿ” ಎಂದು ಮುಂದೆ ನಡೆದಳು. ಈ ಸಲ ನಾನು ಹಿಂದೆ. ಬನ್ನಿಗಿಡ ಈಗ ಇಲ್ಲ, ಮೋಟು ಇದೆ. ಹಳ್ಳ ಇದೆ, ನೀರಿಲ್ಲ. ರಸ್ತೆಯಿಂದ ಗೋಡೆಯ ತನಕ ಒಂದು ನೆರಳೂ ಇಲ್ಲದ ಕಾರಣ ದೂರವೇ ಬೇರೆಯಾಗಿ ಕಾಣುತ್ತಿತ್ತು. ನನ್ನ ಬಾಲ್ಯದ ಆ ಉದ್ದ ದಾರಿ ಇದರಲ್ಲಿ ಎಲ್ಲಿಂದ ಎಲ್ಲಿಗೆ ಇತ್ತೆಂದು ಗುರುತು ಹಿಡಿಯಲು ಆಗಲಿಲ್ಲ. ಅಂಜಿಕೆ ಎಲ್ಲಿ ಬರುತ್ತದೆಂದು ಕಾದೆ. ಅದು ಬರಲಿಲ್ಲ. ನಾಚಿಕೆ ರಸ್ತೆಯಲ್ಲೇ ಬಂದಿತ್ತು. ಹಾಗಾಗಿ ವಾಪಸು ಹೋಗಿ ಚಪ್ಪಲಿಯನ್ನು ರಸ್ತೆಯ ಬದಿಗೆ ಬಿಟ್ಟು ಬಂದೆ. ನೆಗ್ಗಿಲು ಚುಚ್ಚಿತು. ಚುಚ್ಚಿದ್ದರಿಂದ ಏನೂ ಸರಿಹೋಗಲಿಲ್ಲ ಎಂಬುದನ್ನೂ ಬರೆದಿಡುತ್ತೇನೆ.

ನೀಲಿ ಗೇಟಿನ ಮುಂದೆ, ನನ್ನ ಫಲಕದ ಕೆಳಗೆ, ಯಾರದೋ ನಾಕು ಜೊತೆ ಚಪ್ಪಲಿ ಸಾಲಾಗಿದ್ದವು. ನಿಂಗವ್ವ ನಿಲ್ಲದೆ ಒಳಗೆ ಹೋದಳು. ಅವಳ ಕಾಲು ನೋಡಿದೆ. ಹಿಮ್ಮಡಿ ಒಡೆದ ಬರಿಗಾಲು.

“ನಿಂಗವ್ವ, ನಿಮ್ಮ ಚಪ್ಲಿ ಎಲ್ಲಿ ಬಿಟ್ರಿ?”

“ಬೀರಪ್ಪನ ಹಂತ್ಯಾಕ ಬರೋ ದಿನ ನಾ ಮೆಟ್ಟೋದ ಇಲ್ರೀ,” ಎಂದಳು. “ಮನ್ಯಾಗ ಅದಾವ.”

ಕಾಗದದಲ್ಲಿ ಒಂದೇ ಒಂದು ಖಾನೆ ಇದೆ. ಗೋಡೆಯಿಂದ ಹಳೆಯ ಗಡಿಗೆ ಎಷ್ಟು ದೂರ ಎಂದು. ಅಷ್ಟು ಸಣ್ಣ ಖಾನೆಯಲ್ಲಿ ಹಿಡಿಸುವುದಿಲ್ಲವೆಂದು ಬೇರೆ ಹಾಳೆಯಲ್ಲಿ ಬರೆದಿದ್ದೇನೆ: ಮಾಳಪ್ಪನ ತಂದೆ ಹಳ್ಳದಲ್ಲಿ, ಕೆಲವರು ಬಾವಿಯ ಕಡೆ, ಮಾಳಪ್ಪ ಬನ್ನಿಯ ಹತ್ತಿರ, ನಿಂಗವ್ವ ತನ್ನ ಮನೆಯಲ್ಲಿ. ಅಳತೆಯ ದಿನ ನಾನು ತಪ್ಪು ಜಾಗ ತೋರಿಸಿದೆ ಎಂದೂ, ಯಾಕೆ ಎಂದೂ ಬರೆದು ಸಹಿ ಹಾಕಿದ್ದೇನೆ. ಇಂಥದ್ದನ್ನು ನೋಡಿ ನೆಲ ಗುರುತು ಮಾಡುತ್ತಾರೋ, ಮುದುಕನಿಗೆ ತಲೆ ಕೆಟ್ಟಿದೆ ಎನ್ನುತ್ತಾರೋ ತಿಳಿಯದು. ಮಳೆಗೆ ಇನ್ನು ಹೆಚ್ಚು ದಿನವಿಲ್ಲ.

ಕೊನೆಗೆ ಅಜ್ಜಿಯ ಹೆಸರನ್ನೂ ಬರೆದು, ಮುಂದೆ ಜಾಗ ಖಾಲಿ ಬಿಟ್ಟೆ. ‘ಬಿಡು’ ಎನ್ನುತ್ತಿದ್ದದ್ದು ನೆನಪಿದೆ, ನಾನು ಬಿಟ್ಟದ್ದು ನೆನಪಿದೆ. ಅವಳು ಎಲ್ಲಿ ಬಿಡುತ್ತಿದ್ದಳು ಎಂದು ನನಗೆ ಗೊತ್ತಿಲ್ಲ. ಅವಳಿಗೆ ಚಪ್ಪಲಿ ಇತ್ತೋ ಇಲ್ಲವೋ, ಅದೂ ಗೊತ್ತಿಲ್ಲ.